ತಲೆನೋವಿನ ಜೊತೆ ಎರಡೆರಡು ಕಂಡರೆ

ತಲೆನೋವು ಬಾರದ ಮನುಷ್ಯನಿಲ್ಲ. ಮುಲಾಮು ಹಚ್ಚಿ, ಮಾತ್ರೆ ನುಂಗಿ ಮಲಗಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಎಲ್ಲ ತಲೆನೋವನ್ನೂ ಹಾಗೆ ಬಿಡಲಾಗದು.

ಕೆಲವು ವರ್ಷಗಳ ಹಿಂದೆ ಶಿಕ್ಷಕಿಯೊಬ್ಬರು ನನ್ನಲ್ಲಿಗೆ ಬಂದರು. ಮೂರು ತಿಂಗಳಿಂದ ನೆತ್ತಿಯಲ್ಲಿ, ಕಣ್ಣಿನ ಹಿಂದೆ ನೋವು. ಕನ್ನಡಕ ಬದಲಿಸಿದ್ದಾಯಿತು. ಸೈನಸ್ ಇರಬಹುದೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. “ಡಾಕ್ಟ್ರೇ, ಹದಿನೈದು ದಿನದಿಂದ ಎಡಗಡೆ ನೋಡಿದ್ರೆ ಒಂದು ಬಸ್ಸು ಎರಡಾಗಿ ಕಾಣುತ್ತೆ” ಎಂದರು. ಪರೀಕ್ಷಿಸಿದರೆ ಎಡಗಣ್ಣು ಹೊರಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಸ್ಫೀನಾಯ್ಡ್ ಸೈನಸ್‌ನಲ್ಲಿ ಗೆಡ್ಡೆ ಇರುವುದು ತಿಳಿಯಿತು.

ಸೈನಸ್ ಎಂದರೆ ಮುಖ ಹಾಗೂ ತಲೆಬುರುಡೆಯ ಮೂಳೆಗಳೊಳಗಿನ, ಗಾಳಿ ತುಂಬಿದ ಪೊಳ್ಳು ಜಾಗ. ಕೆನ್ನೆ, ಹಣೆಯ ಸೈನಸ್‌ಗಳು ನಿಮಗೆ ಗೊತ್ತು. ಸ್ಫೀನಾಯ್ಡ್ ಮಾತ್ರ ಮೂಗಿನ ತೀರ ಹಿಂದೆ, ತಲೆಬುರುಡೆಯ ನಟ್ಟನಡುವೆ ಅಡಗಿದೆ. ಅದರ ಮೇಲ್ಗಡೆ ಪಿಟ್ಯುಟರಿ ಗ್ರಂಥಿ ಹಾಗೂ ದೃಷ್ಟಿನರಗಳು. ಎರಡೂ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳು ಮತ್ತು ಕಣ್ಣು ತಿರುಗಿಸುವ ನರಗಳು. ಇಲ್ಲಿ ಗೆಡ್ಡೆ ಬೆಳೆಯುವುದು ಅಪರೂಪ. ಬೆಳೆದರೂ ಮೂಗು ಕಟ್ಟದೇ ಇರಬಹುದು. ಬಹಳ ದಿನ ತಲೆನೋವೊಂದೇ ಲಕ್ಷಣ. ರೋಗ ಪತ್ತೆ ತಡವಾಗುವುದು ಇದರಿಂದಲೇ.

ಪತ್ತೆ ಹೇಗೆ? ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಗೆಡ್ಡೆ ಕಾಣದೇ ಹೋಗಬಹುದು. ಮೂಳೆ ಸವೆದಿದೆಯೇ ಎಂಬುದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಒಳಗಿರುವುದು ಗೆಡ್ಡೆಯೋ, ಬರೀ ಸಿಂಬಳವೋ, ನರಗಳಿಗೆ ಎಷ್ಟು ತಾಗಿದೆ ಎಂಬುದಕ್ಕೆ ಎಂ.ಆರ್.ಐ. ಬೇಕು. ಬಳಿಕ ಕಿವಿ-ಮೂಗು-ಗಂಟಲು ತಜ್ಞರು ಮೂಗಿನೊಳಗೆ ಎಂಡೋಸ್ಕೋಪ್ ತೂರಿಸಿ, ಗೆಡ್ಡೆಯ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದು ಎಂಥ ಗೆಡ್ಡೆ ಎಂದು ಖಚಿತವಾಗುವುದು ಅಲ್ಲಿಯೇ. “ಮೊದಲೇ ಚೂರು ತೆಗೆದುಬಿಡಬಹುದಲ್ಲ, ಸ್ಕ್ಯಾನ್ ಖರ್ಚು ಯಾಕೆ?” ಎಂದು ಕೇಳುವವರಿದ್ದಾರೆ. ಗೆಡ್ಡೆಯಂತೆ ಕಾಣುವುದು ಉಬ್ಬಿದ ರಕ್ತನಾಳವೂ ಆಗಿರಬಹುದು. ಅದಕ್ಕೆ ಕೈಹಾಕಿದರೆ ಪ್ರಾಣಕ್ಕೇ ಅಪಾಯ.

ಗೆಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಎದೆಗುಂದಬೇಡಿ. ಶಿಕ್ಷಕಿಯವರದು ಪಿಟ್ಯುಟರಿಯಿಂದ ಕೆಳಗಿಳಿದ, ಕ್ಯಾನ್ಸರ್ ಅಲ್ಲದ ಗೆಡ್ಡೆ. ಮೂಗಿನ ಮೂಲಕವೇ ಶಸ್ತ್ರಚಿಕಿತ್ಸೆಯಾಗಿ, ಮತ್ತೆ ಪಾಠ ಮಾಡುತ್ತಿದ್ದಾರೆ. ಆದರೆ ಕ್ಯಾನ್ಸರ್ ಅಲ್ಲದ ಗೆಡ್ಡೆಯೂ ದೃಷ್ಟಿನರವನ್ನು ಒತ್ತಿದರೆ ಕಣ್ಣು ಹೋಗಬಹುದು.

ಆದ್ದರಿಂದ ವಾರಗಟ್ಟಲೆ ಬಿಡದ, ದಿನೇ ದಿನೇ ಹೆಚ್ಚುವ ತಲೆನೋವಿದ್ದರೆ ವೈದ್ಯರಿಗೆ ತೋರಿಸಿ. ಅದರ ಜೊತೆ ಎರಡೆರಡು ಕಾಣುವುದು, ದೃಷ್ಟಿ ಮಂಜಾಗುವುದು, ರೆಪ್ಪೆ ಜೋಲುವುದು, ಮುಖ ಜೋಮು ಹಿಡಿಯುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ಹೊರಡಿ. “ಎಕ್ಸ್‌ರೇಯಲ್ಲಿ ಏನೂ ಇಲ್ಲ” ಎಂಬ ಸಮಾಧಾನ ಆಗ ಸಾಲದು.