ಹಾಲೂಡುವ ತಾಯಿಗೇ ಮೊದಲು ಗೊತ್ತಾಗುವ ಕಾಯಿಲೆ

ಶುರುವಾಗುವುದು ಸಾಮಾನ್ಯವಾಗಿ ಮಲಬದ್ಧತೆಯಿಂದ. ಮನೆಯಲ್ಲಿ ಯಾರೂ ಅದಕ್ಕೆ ಗಾಬರಿಯಾಗುವುದಿಲ್ಲ. ಆಮೇಲೆ ಮಗು ಹಾಲು ಚೀಪುವ ಬಿಗಿ ಸಡಿಲವಾಗುತ್ತದೆ, ಅಳು ಕ್ಷೀಣಿಸುತ್ತದೆ, ರೆಪ್ಪೆ ಜೋಲುತ್ತದೆ, ನಿಂತಿದ್ದ ಕತ್ತು ವಾಲುತ್ತದೆ. ಜ್ವರ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅನುಭವಿ ವೈದ್ಯರು ಮಗುವಿನ ಕಣ್ಣಿಗೆ ಮತ್ತೆ ಮತ್ತೆ ಟಾರ್ಚ್ ಬಿಟ್ಟು ನೋಡುತ್ತಾರೆ: ಮೊದಲು ಚುರುಕಾಗಿ ಕಿರಿದಾದ ಪಾಪೆ ಬರಬರುತ್ತಾ ದಣಿಯುತ್ತದೆ.

ಇದು ಶಿಶುಗಳಿಗೆ ಬರುವ ಬಾಟುಲಿಸಮ್. ಬಾಟುಲಿಸಮ್ ಹಳೆಯ ಕಾಯಿಲೆಯೇ. 1895ರಲ್ಲಿ ಬೆಲ್ಜಿಯಂನ ಎಲ್ಜೆಲ್ ಎಂಬ ಊರಲ್ಲಿ ಕೆಟ್ಟ ಹಂದಿಮಾಂಸ ತಿಂದ ವಾದ್ಯಗಾರರು ಕಾಯಿಲೆ ಬಿದ್ದಾಗ ಎಮಿಲ್ ವಾನ್ ಎರ್ಮೆಂಗೆಮ್ ಅದರ ಬ್ಯಾಕ್ಟೀರಿಯಾವನ್ನು ಹಿಡಿದಿದ್ದರು. ವಿಷ ಆಹಾರದಲ್ಲೇ ತಯಾರಾಗಿ ಹೊಟ್ಟೆ ಸೇರುತ್ತದೆ ಎಂಬುದು ಅಲ್ಲಿಂದ ಬಂದ ತಿಳಿವಳಿಕೆ. ಹಾಲು ಕುಡಿಯುವ ಕೂಸಿಗೆ ಅದು ಬಂದೀತೆಂದು ಯಾರು ಯೋಚಿಸಬೇಕು?

1976ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರಾದ ಮಿಡುರಾ ಮತ್ತು ಸ್ಟೀಫನ್ ಆರ್ನನ್ ಇಂಥ ಶಿಶುಗಳ ಮಲದಲ್ಲಿ ಬ್ಯಾಕ್ಟೀರಿಯಾವನ್ನೂ ಅದರ ವಿಷವನ್ನೂ ಕಂಡರು. ಮಕ್ಕಳು ನುಂಗಿದ್ದು ವಿಷವನ್ನಲ್ಲ, ಬ್ಯಾಕ್ಟೀರಿಯಾದ ಬೀಜಕಗಳನ್ನು. ಅವು ಎಳೆಯ ಕರುಳಲ್ಲಿ ಮೊಳೆತು, ಅಲ್ಲೇ ವಿಷ ಸುರಿಯುತ್ತಿದ್ದವು. ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆ ಅಲ್ಲಿಗೆ ನಿಲ್ಲುತ್ತದೆ.

ಬೀಜಕ ಎಲ್ಲಿಂದ ಬಂತೆಂದು ಹುಡುಕಿದಾಗ ಕೆಲವು ಮನೆಗಳಲ್ಲಿ ಸಿಕ್ಕಿದ್ದು ಜೇನುತುಪ್ಪ. ಬಹಳಷ್ಟು ಪ್ರಕರಣಗಳಿಗೆ ಜೇನಿನ ನಂಟಿಲ್ಲ, ಮಣ್ಣು ಧೂಳಿನಲ್ಲೂ ಬೀಜಕಗಳಿರುತ್ತವೆ. ಆದರೂ ಧೂಳನ್ನು ಪೂರ್ತಿ ತಡೆಯಲಾಗದು, ಜೇನನ್ನು ತಡೆಯಬಹುದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ, ಬಜೆಯನ್ನು ಜೇನಲ್ಲಿ ತೇಯ್ದು ನೆಕ್ಕಿಸುವ ನಮ್ಮ ಅಜ್ಜಿಯರಿಗೆ ಇದನ್ನು ಪ್ರೀತಿಯಿಂದಲೇ ಹೇಳಬೇಕು: ವರ್ಷ ತುಂಬುವವರೆಗೆ ಬೇಡ. ಮನೆಯಲ್ಲಿ ಕುದಿಸಿದರೂ ಆ ಬೀಜಕ ಸಾಯುವುದಿಲ್ಲ.

ಚಿಕಿತ್ಸೆಯ ದಾರಿ ಉದ್ದವಾಗಿತ್ತು. ದೊಡ್ಡವರಿಗೆ ಕೊಡುತ್ತಿದ್ದ ಕುದುರೆ ರಕ್ತದ ಪ್ರತಿವಿಷ ಕೂಸುಗಳಿಗೆ ಅಪಾಯಕಾರಿ. ಜೆಂಟಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಕೊಟ್ಟರೆ ಸ್ನಾಯು ಇನ್ನಷ್ಟು ಸೋಲುತ್ತದೆ. ಉಳಿದದ್ದು ವೆಂಟಿಲೇಟರ್, ಮೂಗಿನ ನಳಿಕೆಯಲ್ಲಿ ಹಾಲು, ವಾರಗಟ್ಟಲೆ ಕಾಯುವುದು. ಆರ್ನನ್ ಮತ್ತು ಸಂಗಡಿಗರು ಮನುಷ್ಯರ ರಕ್ತವನ್ನೇ ನೆಚ್ಚಿದರು. ಈ ವಿಷದ ವಿರುದ್ಧ ಲಸಿಕೆ ಪಡೆದಿದ್ದ ಸ್ವಯಂಸೇವಕರು ಕೊಟ್ಟ ಪ್ಲಾಸ್ಮಾದಿಂದ ಔಷಧಿ ತಯಾರಾಯಿತು. 1992ರಿಂದ 1997ರವರೆಗೆ 122 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಆಸ್ಪತ್ರೆವಾಸ ಸರಾಸರಿ 5.7 ವಾರದಿಂದ 2.6 ವಾರಕ್ಕೆ ಇಳಿಯಿತು. 2003ರಲ್ಲಿ ‘ಬೇಬಿಬಿಗ್’ ಎಂಬ ಹೆಸರಿನ ಈ ಔಷಧಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಪರವಾನಗಿ ಪಡೆದದ್ದು ಔಷಧಿ ಕಂಪನಿಯಲ್ಲ, ಕ್ಯಾಲಿಫೋರ್ನಿಯಾ ಸರ್ಕಾರದ ಆರೋಗ್ಯ ಇಲಾಖೆ. ನನಗೆ ಇಡೀ ಕಥೆಯಲ್ಲಿ ಅತಿ ಹೆಮ್ಮೆಯ ಸಂಗತಿ ಇದು.

ಆ ಔಷಧಿಯೂ ನರಕ್ಕೆ ಆಗಲೇ ಅಂಟಿದ ವಿಷವನ್ನು ಬಿಡಿಸಲಾರದು. ನರ ತಾನಾಗಿಯೇ ಚಿಗುರಿಕೊಳ್ಳಬೇಕು. ಅದಕ್ಕೇ ಮಲದ ವರದಿ ಬರಲೆಂದು ಕಾಯದೆ, ಅನುಮಾನ ಗಟ್ಟಿಯಾದ ಕೂಡಲೇ ಅದನ್ನು ಕೊಡುತ್ತಾರೆ.