ಗ್ಯಾಸ್ ಗೀಸರ್‌ನ ಹೊಗೆಕೊಳವೆ: ಸೋರಿಕೆಯ ಪತ್ತೆ ಮತ್ತು ದುರಸ್ತಿ

ದೆಹಲಿಯ ಚಳಿಗಾಲದಲ್ಲಾಗಲಿ, ಪುಣೆಯ ಮುಂಜಾನೆಯ ತಂಪಿನಲ್ಲಾಗಲಿ ಬಿಸಿನೀರು ನಿತ್ಯದ ಅಗತ್ಯ. ಹಿಂದೆ ಬಚ್ಚಲಮನೆಯ ಹಂಡೆಯೊಲೆಯ ಹೊಗೆಯು ಕಣ್ಣುರಿಸಿ ತನ್ನ ಇರವನ್ನು ತಾನೇ ಸಾರುತ್ತಿತ್ತು. ಇಂದು ನಗರಗಳ ಅನೇಕ ಮನೆಗಳಲ್ಲಿ ಹಂಡೆಯ ಸ್ಥಾನವನ್ನು ಗ್ಯಾಸ್ ಗೀಸರ್ ಪಡೆದಿದೆ. ಇದು ಹೊರಬಿಡುವ ಅನಿಲವು ಕಣ್ಣಿಗೆ ಕಾಣದು, ಅಪಾಯವಿರುವುದು ಅಲ್ಲಿಯೇ.

ಅಪಾಯದ ಸ್ವರೂಪ

ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕವು ಕುಗ್ಗಿದಾಗ ಅನಿಲದ ದಹನವು ಅಪೂರ್ಣವಾಗಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವು ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುವುದರಿಂದ ಅಂಗಾಂಗಗಳಿಗೆ ಆಮ್ಲಜನಕದ ಪೂರೈಕೆ ಕುಸಿಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮತ್ತು ನಿಶ್ಶಕ್ತಿ ಮೊದಲ ಲಕ್ಷಣಗಳು. ಸ್ನಾನ ಮಾಡುತ್ತಿರುವವರು ಸಹಾಯಕ್ಕೆ ಕೂಗುವ ಮುನ್ನವೇ ಪ್ರಜ್ಞೆ ತಪ್ಪಬಹುದು.

ಪರಿಶೀಲನೆ

ಈ ಅನಿಲವನ್ನು ಮನೆಯಿಂದ ಹೊರಗೆ ಸಾಗಿಸುವುದೇ ಹೊಗೆಕೊಳವೆಯ ಕಾರ್ಯ. ಗೀಸರನ್ನು ಆರಿಸಿ, ಅನಿಲದ ಕವಾಟವನ್ನು ಮುಚ್ಚಿ, ಕೊಳವೆಯು ತಣ್ಣಗಾದ ಬಳಿಕ ಅದನ್ನು ಆದ್ಯಂತವಾಗಿ ಪರಿಶೀಲಿಸಬೇಕು. ತುಕ್ಕು, ರಂಧ್ರ, ಸಡಿಲಗೊಂಡ ಕೀಲು, ಕೀಲುಗಳ ಸುತ್ತ ಮಸಿಯ ಗುರುತು ಇವು ಸೋರಿಕೆಯ ಸೂಚನೆಗಳು. ಹೊರತುದಿಯಲ್ಲಿ ಪಕ್ಷಿಗಳ ಗೂಡು ಅಥವಾ ಕಸ ಕಟ್ಟಿಕೊಂಡಿದ್ದರೆ ಅನಿಲವು ಒಳಕ್ಕೇ ಮರಳುತ್ತದೆ. ಗೀಸರ್ ಉರಿಯುವಾಗ ಜ್ವಾಲೆಯು ನೀಲಿಯಾಗಿರಬೇಕು; ಹಳದಿ ಜ್ವಾಲೆಯು ಅಪೂರ್ಣ ದಹನದ ಲಕ್ಷಣ.

ದುರಸ್ತಿ

ತುಕ್ಕು ಹಿಡಿದ ಅಥವಾ ತೂತು ಬಿದ್ದ ಭಾಗಕ್ಕೆ ತೇಪೆ ಹಾಕದೆ, ಅದೇ ಅಳತೆಯ ಹೊಸ ಲೋಹದ ಕೊಳವೆಯನ್ನು ಜೋಡಿಸುವುದೇ ಸರಿಯಾದ ಕ್ರಮ. ಕೀಲುಗಳನ್ನು ಬಿಗಿಗೊಳಿಸಿ, ಶಾಖ ತಡೆಯಬಲ್ಲ ಅಲ್ಯೂಮಿನಿಯಂ ಪಟ್ಟಿಯಿಂದ ಮುಚ್ಚಬೇಕು. ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಅಂಟುಪಟ್ಟಿಯು ಶಾಖಕ್ಕೆ ಒಣಗಿ ಕಳಚಿಕೊಳ್ಳುತ್ತದೆ. ಕೊಳವೆಯು ಮೇಲ್ಮುಖವಾಗಿ ಸಾಗಿ ಬಯಲಿಗೆ ತೆರೆದುಕೊಳ್ಳಬೇಕೇ ಹೊರತು ನೆರೆಮನೆಯ ಕಿಟಕಿಯತ್ತ ಅಲ್ಲ. ಬರ್ನರ್, ಕವಾಟ ಮುಂತಾದ ಒಳಭಾಗಗಳ ದುರಸ್ತಿಯನ್ನು ತರಬೇತಿ ಪಡೆದ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

ಒಂದು ತಪ್ಪು ತಿಳಿವಳಿಕೆ

ಗಾಳಿ ಹೊರಹಾಕುವ ಫ್ಯಾನ್ ಇದ್ದರೆ ಸಾಕೆಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಫ್ಯಾನ್ ಹೊಗೆಕೊಳವೆಯ ಮೂಲಕವೇ ಗಾಳಿಯನ್ನು ಒಳಗೆಳೆದು, ವಿಷಾನಿಲವನ್ನೂ ಹಿಂದಕ್ಕೆ ತರಬಹುದು. ಹೊರಗಿನ ಗಾಳಿ ಬರಲು ಸದಾ ತೆರೆದ ಕಿಂಡಿ ಅಗತ್ಯ. ಹೊಗೆಕೊಳವೆಯೇ ಇಲ್ಲದ ಗೀಸರನ್ನು ಬಚ್ಚಲಮನೆಯೊಳಗೆ ಅಳವಡಿಸಲೇಬಾರದು. ಯಾವುದೇ ಗ್ಯಾಸ್ ಗೀಸರನ್ನು ಹೊರಗಿನ ಗಾಳಿಯಾಡುವ ಸ್ಥಳದಲ್ಲಿರಿಸಿ, ನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರುವುದು ಅತ್ಯಂತ ಸುರಕ್ಷಿತ.

ತುರ್ತು ಸಂದರ್ಭದಲ್ಲಿ

ಸ್ನಾನಕ್ಕೆ ಹೋದವರು ಕರೆದರೂ ಉತ್ತರಿಸದಿದ್ದರೆ ತಡಮಾಡದೆ ಬಾಗಿಲು ತೆರೆದು ಅವರನ್ನು ಶುದ್ಧ ಗಾಳಿಗೆ ಕರೆತರಬೇಕು. ಅನಿಲವನ್ನು ನಿಲ್ಲಿಸಿ, 112 ಸಂಖ್ಯೆಗೆ ಕರೆಮಾಡಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರ ತಪಾಸಣೆ ಅವಶ್ಯ. ಗ್ಯಾಸ್ ಗೀಸರ್ ಬಳಸುತ್ತಿದ್ದುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಚಳಿಗಾಲಕ್ಕೆ ಮುನ್ನ ಪ್ರತಿವರ್ಷವೂ ಒಮ್ಮೆ ಈ ಪರಿಶೀಲನೆ ನಡೆಸಿದರೆ ಇಂತಹ ಹೆಚ್ಚಿನ ಅನಾಹುತಗಳನ್ನು ತಪ್ಪಿಸಬಹುದು.