ಗಾಳ ಎಳೆಯುವ ಚಿಕ್ಕ ದೋಣಿ: ಸಜ್ಜು, ಸುರಕ್ಷತೆ, ಸಂರಕ್ಷಣೆ

ಮಲ್ಪೆ, ಮಂಗಳೂರುಗಳಲ್ಲಿ 'ಟ್ರಾಲ್ ಬೋಟ್' ಎಂಬ ಮಾತು ಮಕ್ಕಳಿಗೂ ಗೊತ್ತು. ಸಮುದ್ರದಲ್ಲಿ ದೊಡ್ಡ ಬಲೆಯನ್ನು ಎಳೆದು ಮೀನು ಹಿಡಿಯುವ ದೋಣಿ ಅದು. ಹೆಸರಿನಲ್ಲಿ ಇದಕ್ಕೆ ಹತ್ತಿರವಾದರೂ ಬೇರೆಯೇ ಆದ ಇನ್ನೊಂದು ವಿಧಾನ 'ಟ್ರೋಲಿಂಗ್'. ಇಲ್ಲಿ ಬಲೆ ಇಲ್ಲ. ನಿಧಾನವಾಗಿ ಸಾಗುವ ಚಿಕ್ಕ ದೋಣಿಯ ಹಿಂದೆ ಗಾಳಗಳನ್ನು ಇಳಿಬಿಟ್ಟು, ಕೃತಕ ಎರೆಯು ಜೀವಂತ ಮೀನಿನಂತೆ ಈಜುವ ಹಾಗೆ ಎಳೆದೊಯ್ಯುತ್ತಾರೆ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಇದು ಬಹಳ ಜನಪ್ರಿಯ.

ಇದು ವ್ಯಾಪಕವಾಗಿ ಹಬ್ಬಿದ್ದಕ್ಕೆ ಒಂದು ಹಿನ್ನೆಲೆ ಇದೆ. ಮಿಶಿಗನ್ ಸರೋವರಕ್ಕೆ ಸಮುದ್ರದಿಂದ ನುಸುಳಿದ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಬೆಳೆದಿತ್ತು. ಅದನ್ನು ತಿಂದು ಹತೋಟಿಯಲ್ಲಿಡಲೆಂದು ಮಿಶಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥ ಹೋವರ್ಡ್ ಟ್ಯಾನರ್ 1966ರಲ್ಲಿ ಪೆಸಿಫಿಕ್ ಸಾಗರದ ಕೋಹೋ ಸಾಲ್ಮನ್ ಮರಿಗಳನ್ನು ಬಿಡಿಸಿದರು. ಮರು ವರ್ಷವೇ ದೊಡ್ಡ ಮೀನುಗಳು ಸಿಗತೊಡಗಿದವು. ಚಿಕ್ಕ ಕೆರೆಗಳಿಗೆಂದು ಮಾಡಿದ ದೋಣಿಗಳನ್ನೇ ತೆಗೆದುಕೊಂಡು ಜನ ಮಹಾಸರೋವರಕ್ಕೆ ಇಳಿದರು. 1967ರ ಸೆಪ್ಟೆಂಬರ್ 23ರಂದು ಬೀಸಿದ ಬಿರುಗಾಳಿಗೆ ಇಂಥ ದೋಣಿಗಳು ಸಿಕ್ಕಿ ಏಳು ಮಂದಿ ಪ್ರಾಣ ಕಳೆದುಕೊಂಡರು. ದೋಣಿಯ ಸಜ್ಜು ಹವ್ಯಾಸದ ವಿಷಯವಷ್ಟೇ ಅಲ್ಲ, ಪ್ರಾಣದ ವಿಷಯವೂ ಹೌದು. ಈ ಸಜ್ಜಿನ ಪ್ರತಿಯೊಂದು ಭಾಗದ ಹಿಂದೆಯೂ ನಮ್ಮ ಪಠ್ಯಪುಸ್ತಕದ ಒಂದೊಂದು ನಿಯಮವಿದೆ.

ಮೀನು ಯಾವ ಆಳದಲ್ಲಿದೆ?

ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ. ಬೇಸಿಗೆಯಲ್ಲಿ ಸರೋವರದ ಮೇಲ್ಪದರ ಬಿಸಿಯಾಗಿ ಹಗುರಾಗುತ್ತದೆ. ತಂಪಾದ, ಭಾರವಾದ ನೀರು ಕೆಳಗೇ ಉಳಿಯುತ್ತದೆ. ಎರಡರ ನಡುವೆ ಕೆಲವೇ ಮೀಟರ್ ದಪ್ಪದ ಪದರವೊಂದರಲ್ಲಿ ತಾಪ ಥಟ್ಟನೆ ಇಳಿಯುತ್ತದೆ. ಇದೇ 'ಥರ್ಮೋಕ್ಲೈನ್'. ಕೋಹೋ ಸಾಲ್ಮನ್‌ಗೆ ಹಿತವಾದ ತಾಪ ಸುಮಾರು 12 ಡಿಗ್ರಿ. ಹಾಗಾಗಿ ಬೇಸಿಗೆಯಲ್ಲಿ ಅದನ್ನು ಈ ಪದರದ ಆಸುಪಾಸಿನಲ್ಲೇ ಹುಡುಕಬೇಕು.

ಹುಡುಕಲು ನೆರವಾಗುವ ಉಪಕರಣ ಸೋನಾರ್. ದೋಣಿಯ ಅಡಿಯಿಂದ ಹೊರಟ ಶ್ರವಣಾತೀತ ಶಬ್ದದ ತುಣುಕು ಮೀನಿಗೆ ಅಥವಾ ತಳಕ್ಕೆ ತಾಗಿ ಹಿಂದಿರುಗುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1450 ಮೀಟರ್. 30 ಮೀಟರ್ ಆಳದಿಂದ ಪ್ರತಿಧ್ವನಿ ಬರಲು 60ನ್ನು 1450ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 0.041 ಸೆಕೆಂಡು ಸಾಕು. ಮೀನಿನ ಒಡಲಲ್ಲಿರುವ ಗಾಳಿಚೀಲವು ಶಬ್ದವನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಮೀನು ಸ್ಪಷ್ಟವಾಗಿ ಕಾಣುತ್ತದೆ. ಒಂದು ಎಚ್ಚರಿಕೆ: ಶಬ್ದದ ಕಿರಣ ಶಂಕುವಿನಂತೆ ಹರಡುತ್ತದೆ. ಶಂಕುವಿನ ಕೋನ 20 ಡಿಗ್ರಿ ಇದ್ದರೆ 30 ಮೀಟರ್ ಆಳದಲ್ಲಿ ಅದರ ವ್ಯಾಸ ಹತ್ತು ಮೀಟರಿಗೂ ಹೆಚ್ಚು. ತೆರೆಯ ಮೇಲೆ ಕಂಡ ಮೀನು ದೋಣಿಯ ನೇರ ಕೆಳಗೇ ಇದೆ ಎನ್ನುವಂತಿಲ್ಲ.

ಗುಂಡಿಗಿಂತ ದಾರದ್ದೇ ದೊಡ್ಡ ಪಾಲು

ಎರೆಯನ್ನು ಬೇಕಾದ ಆಳಕ್ಕೆ ಇಳಿಸಲು 'ಡೌನ್‌ರಿಗ್ಗರ್' ಎಂಬ ಸಾಧನವಿದೆ. ತೆಳುವಾದ ಉಕ್ಕಿನ ತಂತಿಯ ತುದಿಯಲ್ಲಿ ಸುಮಾರು 4.5 ಕಿಲೋಗ್ರಾಂ ತೂಕದ ಸೀಸದ ಗುಂಡು. ಗುಂಡಿನ ಬಳಿ ಕ್ಲಿಪ್ಪಿಗೆ ಸಿಕ್ಕಿಸಿದ ಗಾಳದ ದಾರ. ಮೀನು ಕಚ್ಚಿದೊಡನೆ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ.

ದೋಣಿ ಸಾಗುವಾಗ ಗುಂಡು ನೇರ ಕೆಳಗಿರದೆ ಹಿಂದಕ್ಕೆ ವಾಲುತ್ತದೆ. ನೀರು ಗುಂಡನ್ನು ತಳ್ಳುವುದೇ ಇದಕ್ಕೆ ಕಾರಣ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ವೇಗ ಸೆಕೆಂಡಿಗೆ 1 ಮೀಟರ್ ಇರಲಿ. ಗುಂಡಿನ ವ್ಯಾಸ ಸುಮಾರು 9 ಸೆಂಟಿಮೀಟರ್. ಅದರ ಮೇಲಿನ ರೋಧ ಬಲ ಸುಮಾರು 1.6 ನ್ಯೂಟನ್ ಮಾತ್ರ. ಆದರೆ 1 ಮಿಲಿಮೀಟರ್ ದಪ್ಪದ, 30 ಮೀಟರ್ ಉದ್ದದ ತಂತಿ ನೀರಿಗೆ ಒಡ್ಡುವ ವಿಸ್ತೀರ್ಣ 0.03 ಚದರ ಮೀಟರ್. ಅದರ ಮೇಲಿನ ರೋಧ ಸುಮಾರು 16 ನ್ಯೂಟನ್, ಗುಂಡಿನ ಮೇಲಿರುವುದರ ಹತ್ತರಷ್ಟು! ನೀರಿನಲ್ಲಿ ಗುಂಡಿನ ತೋರಿಕೆಯ ತೂಕ 40 ನ್ಯೂಟನ್. ಈ ಅಂಕಿಗಳಿಂದ ಲೆಕ್ಕ ಹಾಕಿದರೆ 30 ಮೀಟರ್ ತಂತಿ ಬಿಟ್ಟಾಗ ಗುಂಡು ಸುಮಾರು 29 ಮೀಟರ್ ಆಳದಲ್ಲಿರುತ್ತದೆ. ವೇಗವನ್ನು ಸೆಕೆಂಡಿಗೆ 1.5 ಮೀಟರಿಗೆ ಏರಿಸಿದರೆ ರೋಧವು ವೇಗದ ವರ್ಗಕ್ಕೆ ಅನುಗುಣವಾಗಿ 2.25 ಪಟ್ಟಾಗಿ, ಗುಂಡು ಸುಮಾರು 26 ಮೀಟರಿಗೆ ಏರುತ್ತದೆ. ಥರ್ಮೋಕ್ಲೈನ್ ಕೆಲವೇ ಮೀಟರ್ ದಪ್ಪವಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದಲೇ ಅನುಭವಿಗಳು ಗುಂಡಿನ ತೂಕದಷ್ಟೇ ತಂತಿಯ ದಪ್ಪಕ್ಕೂ ವೇಗದ ಸ್ಥಿರತೆಗೂ ಗಮನ ಕೊಡುತ್ತಾರೆ. ದೊಡ್ಡ ಎಂಜಿನ್ನನ್ನು ಇಷ್ಟು ನಿಧಾನ ನಡೆಸುವುದು ಕಷ್ಟವಾದ್ದರಿಂದ ಪಕ್ಕದಲ್ಲಿ ಇನ್ನೊಂದು ಚಿಕ್ಕ ಎಂಜಿನ್ ಅಥವಾ ವಿದ್ಯುತ್ ಮೋಟಾರನ್ನು ಜೋಡಿಸುವುದು ರೂಢಿ.

ಒಂದು ಬಿರಡೆಯ ಕಥೆ

ಒಳಗೆ ಸೇರಿದ ನೀರನ್ನು ದಡದಲ್ಲಿ ಹೊರಬಿಡಲು ದೋಣಿಯ ಹಿಂಭಾಗದಲ್ಲಿ ಒಂದು ರಂಧ್ರವೂ ಅದಕ್ಕೊಂದು ಬಿರಡೆಯೂ ಇರುತ್ತವೆ. ಬಿರಡೆ ಹಾಕಲು ಮರೆತು ದೋಣಿಯನ್ನು ನೀರಿಗಿಳಿಸಿದರೆ ಏನಾಗುತ್ತದೆ? ರಂಧ್ರದ ವ್ಯಾಸ 2.5 ಸೆಂಟಿಮೀಟರ್, ನೀರಿನ ಮಟ್ಟದಿಂದ ಅದರ ಆಳ 25 ಸೆಂಟಿಮೀಟರ್ ಎಂದುಕೊಳ್ಳಿ. ಟಾರಿಸೆಲ್ಲಿಯ ನಿಯಮದಂತೆ ನೀರು ಸೆಕೆಂಡಿಗೆ 2.2 ಮೀಟರ್ ವೇಗದಲ್ಲಿ ನುಗ್ಗುತ್ತದೆ. ರಂಧ್ರದಲ್ಲಿ ಧಾರೆ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದು 0.6ರಿಂದ ಗುಣಿಸಿದರೂ ನಿಮಿಷಕ್ಕೆ ಸುಮಾರು 39 ಲೀಟರ್ ಒಳಬರುತ್ತದೆ. ಚಿಕ್ಕ ದೋಣಿಗಳಲ್ಲಿ ಕಾಣುವ, ಗಂಟೆಗೆ 500 ಗ್ಯಾಲನ್ ಎಂದು ನಮೂದಿಸಿದ ಪಂಪು ನಿಮಿಷಕ್ಕೆ ಹೊರಹಾಕುವುದು 31 ಲೀಟರ್. ಅದೂ ನೀರನ್ನು ಮೇಲೆತ್ತಬೇಕಿಲ್ಲದಾಗ. ಎಂದರೆ ಪಂಪು ಓಡುತ್ತಿದ್ದರೂ ದೋಣಿ ತುಂಬುತ್ತಲೇ ಹೋಗುತ್ತದೆ. ಪಂಪಿನ ಜೊತೆಗೆ ಒಂದು ಬಕೆಟ್, ಇನ್ನೊಂದು ಬಿರಡೆ ಇರಲೇಬೇಕು.

ನೀರು ಒಳಸೇರಿದಾಗ ತೂಕ ಹೆಚ್ಚುವುದಷ್ಟೇ ಅಪಾಯವಲ್ಲ. 6 ಚದರ ಮೀಟರ್ ನೆಲದ ದೋಣಿಯಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 300 ಕಿಲೋಗ್ರಾಂ. ದೋಣಿ ಸ್ವಲ್ಪ ವಾಲಿದರೂ ಇಷ್ಟೂ ನೀರು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಇದಕ್ಕೆ ಮುಕ್ತ ಮೇಲ್ಮೈ ಪರಿಣಾಮ ಎಂದು ಹೆಸರು. ದೋಣಿಯಲ್ಲಿ ಎದ್ದು ನಿಂತಾಗ ಗುರುತ್ವ ಕೇಂದ್ರ ಮೇಲೇರಿ ಸ್ಥಿರತೆ ಕುಗ್ಗುವುದೂ ಇದಕ್ಕೆ ಸೇರಿಕೊಂಡರೆ ಮಗುಚಲು ಒಂದು ಅಲೆ ಸಾಕು.

ಅಮೆರಿಕದಲ್ಲಿ 1971ರಲ್ಲಿ ಸಂಯುಕ್ತ ದೋಣಿ ಸುರಕ್ಷತಾ ಕಾಯಿದೆ ಬಂದಿತು. ಇದರಡಿ ಮಾಡಿದ ನಿಯಮಗಳ ಪ್ರಕಾರ 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳ ಒಡಲಲ್ಲಿ ತೇಲುವ ವಸ್ತುವನ್ನು ತುಂಬಿರಬೇಕು. ಅಂಥ ದೋಣಿ ನೀರು ತುಂಬಿದರೂ ತಳ ಸೇರದು. ಹಾಗಾಗಿ ಅಪಘಾತವಾದಾಗ ದೋಣಿಯನ್ನು ಬಿಟ್ಟು ಈಜಲು ಹೋಗದೆ ಅದನ್ನೇ ಹಿಡಿದುಕೊಂಡಿರಬೇಕು. ನೀರಿನ ಉಷ್ಣವಾಹಕತೆ ಗಾಳಿಯದರ ಸುಮಾರು 25 ಪಟ್ಟು. ತಣ್ಣೀರಿಗೆ ಬಿದ್ದ ನಿಪುಣ ಈಜುಗಾರನ ಕೈಕಾಲೂ ಬೇಗ ಮರಗಟ್ಟುತ್ತವೆ. ಜೀವರಕ್ಷಕ ಅಂಗಿ ಪೆಟ್ಟಿಗೆಯಲ್ಲಿದ್ದರೆ ಸಾಲದು, ಮೈಮೇಲಿರಬೇಕು.

ಸವೆಯಲೆಂದೇ ಇಟ್ಟ ಲೋಹ

ಎಂಜಿನ್ನಿನ ಅಲ್ಯೂಮಿನಿಯಂ ಕವಚ, ಉಕ್ಕಿನ ದಂಡ, ನಡುವೆ ನೀರು. ಇಷ್ಟಿದ್ದರೆ ಒಂದು ವಿದ್ಯುತ್ಕೋಶವೇ ಆಯಿತು. ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಇದನ್ನು ತಡೆಯಲು ಇನ್ನೂ ಹೆಚ್ಚು ಕ್ರಿಯಾಶೀಲವಾದ ಲೋಹದ ತುಂಡನ್ನು ಜೋಡಿಸುತ್ತಾರೆ. ಅದು ತಾನು ಸವೆದು ಕವಚವನ್ನು ಉಳಿಸುತ್ತದೆ. ಸಮುದ್ರದಲ್ಲಿ ಸತು ಬಳಸುವುದುಂಟು. ಸಿಹಿನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯುವುದಿಲ್ಲ. ಹೆಚ್ಚಿನ ವಿಭವಾಂತರ ಬೇಕು. ಅದಕ್ಕಾಗಿ ಮೆಗ್ನೀಸಿಯಂ. ಈ ತುಂಡಿಗೆ ಬಣ್ಣ ಬಳಿಯಬಾರದು, ಅರ್ಧ ಸವೆದೊಡನೆ ಬದಲಿಸಬೇಕು.

ಚಳಿಗಾಲಕ್ಕೆ ಮುನ್ನ

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ದೋಣಿಯ ಸಂರಕ್ಷಣೆಯ ಅರ್ಧ ಭಾಗ ಈ ಒಂದು ಸಂಗತಿಯಲ್ಲಿದೆ. ಗಾಳದ ದೋಣಿಗೇ ವಿಶಿಷ್ಟವಾದ ಒಂದು ಸರಪಳಿಯನ್ನು ನೋಡಿ. ತುಂಡಾದ ಗಾಳದ ದಾರ ಪ್ರೊಪೆಲ್ಲರ್‌ನ ಹಿಂದೆ ದಂಡಕ್ಕೆ ಸುತ್ತಿಕೊಳ್ಳುತ್ತದೆ. ಅದು ಒಳಗಿನ ರಬ್ಬರ್ ಸೀಲನ್ನು ಕತ್ತರಿಸುತ್ತದೆ. ಗೇರ್ ಎಣ್ಣೆಯೊಳಗೆ ನೀರು ಸೇರುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಲೋಹದ ಕವಚವನ್ನೇ ಸೀಳುತ್ತದೆ! ಕೂದಲೆಳೆಯಷ್ಟು ದಾರದಿಂದ ಎಂಜಿನ್ನಿನ ಕೆಳಭಾಗವೇ ಹಾಳು. ಆದ್ದರಿಂದ ಆಗಾಗ ಪ್ರೊಪೆಲ್ಲರ್ ಕಳಚಿ ದಾರ ಸುತ್ತಿದೆಯೇ ಎಂದು ನೋಡಬೇಕು. ಋತುವಿನ ಕೊನೆಯಲ್ಲಿ ಗೇರ್ ಎಣ್ಣೆ ಬದಲಿಸಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿಟ್ಟರೆ ತಂಪುಗೊಳಿಸುವ ನಾಳಗಳ ನೀರು ತಾನಾಗಿ ಬಸಿದುಹೋಗುತ್ತದೆ.

ಸೀಸ-ಆಮ್ಲ ಬ್ಯಾಟರಿಗೂ ಇದೇ ಎಚ್ಚರ. ಪೂರ್ಣ ಚಾರ್ಜಾದಾಗ ಅದರ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.265, ಅದು ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಚಾರ್ಜು ಇಳಿದಂತೆ ಆಮ್ಲ ಕಡಿಮೆಯಾಗಿ ನೀರಿನ ಪಾಲು ಹೆಚ್ಚುತ್ತದೆ. ಆಗ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಬ್ಯಾಟರಿ ಒಡೆಯಬಹುದು. ಅಲ್ಲದೆ ಚಾರ್ಜಿಲ್ಲದೆ ಇಟ್ಟ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಪೂರ್ತಿ ಚಾರ್ಜು ಮಾಡಿಯೇ ತೆಗೆದಿಡಬೇಕು.

ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ ಒಯ್ಯುವಾಗ ತೊಳೆದು, ನೀರು ಬಸಿದು, ಒಣಗಿಸುವುದೂ ಸಂರಕ್ಷಣೆಯ ಭಾಗವೇ. 1980ರ ದಶಕದ ಕೊನೆಯಲ್ಲಿ ಮಹಾಸರೋವರಗಳಲ್ಲಿ ಕಾಣಿಸಿಕೊಂಡ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಇತರ ಸರೋವರಗಳಿಗೆ ಹರಡಿದ್ದರಲ್ಲಿ ದೋಣಿಗಳ ಪಾತ್ರವೂ ಇದೆ.

ತರಗತಿಯಲ್ಲಿ ಮಾಡಿ ನೋಡಿ

ನೀರು ತುಂಬಿದ ಅಗಲ ಬಾಣಲೆಯಲ್ಲಿ ಸಪಾಟು ತಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೇಲಿಬಿಡಿ. ಅದರೊಳಗೆ ಅರ್ಧ ಲೋಟ ನೀರನ್ನು ಪುಟ್ಟ ಸೀಸೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ನಡುವೆ ಮಲಗಿಸಿ ಉರುಳದಂತೆ ಅಂಟಿಸಿ. ಡಬ್ಬಿಯ ಅಂಚನ್ನು ಮೆಲ್ಲಗೆ ಒತ್ತಿ ಬಿಡಿ. ಆಮೇಲೆ ಸೀಸೆ ತೆಗೆದು, ಅದೇ ಅರ್ಧ ಲೋಟ ನೀರನ್ನು ಡಬ್ಬಿಯೊಳಗೇ ಸುರಿದು ಮತ್ತೆ ಒತ್ತಿ. ನೀರಿನ ತೂಕ ಅದೇ ಇದ್ದರೂ ಡಬ್ಬಿ ವರ್ತಿಸುವ ರೀತಿ ಬೇರೆ. ಎರಡನೆಯ ಸಲ ಡಬ್ಬಿ ಮಗುಚಿದರೆ, ದೋಣಿಯೊಳಗಿನ ನೀರನ್ನು ಕೂಡಲೇ ಏಕೆ ಹೊರಹಾಕಬೇಕು, ಅಲುಗಾಡದೆ ಏಕೆ ಕೂರಬೇಕು ಎಂಬುದನ್ನು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ಹೊಳೆ, ಜಲಾಶಯಗಳಲ್ಲಿ ದೋಣಿ ಹತ್ತುವಾಗಲೂ ಅವರಿಗೆ ಈ ಪಾಠ ನೆನಪಿರಲಿ.